ಬಿಡದ ಬ್ರೇಕು

ಮಾರ್ಚ್ 6, ಬೆಳಿಗ್ಗೆ

ಹೊಲಿಯಲು ಬಂದ ಶಾಲೆ ಅಂಗಿಗಳ ಕಾಲರ್ ಇನ್ನೂ ಬಾಕಿ. ಪಕ್ಕಕ್ಕಿಟ್ಟು ಬೈಕಿನ ಮುಂದೆ ಕೂತಿದ್ದೇನೆ. ಅಪ್ಪನ ಹಳೇ ಬೈಕು, ಹೆಚ್ಚುಕಮ್ಮಿ ನನ್ನ ಮಗಳು ಗುಬ್ಬಿಯ ವಯಸ್ಸಿನದು. ಮುಂದಿನ ಬ್ರೇಕಿನ ಲಿವರ್ ಒತ್ತಿದರೆ ಹಿಟ್ಟು ಒತ್ತಿದ ಹಾಗೆ ಹೋಗಿ ಹ್ಯಾಂಡಲ್‌ಗೆ ತಾಗುತ್ತದೆ. ಅಪ್ಪ ಮುಟ್ಟಿಯೇ ಹೇಳಿದರು, ಲಿವರ್ ಬುಡದಲ್ಲಿ ಆಯಿಲ್ ಒತ್ತುವ ಮಾಸ್ಟರ್ ಸಿಲಿಂಡರ್ ಹೋಗಿದೆ ಅಂತ. ಮೆಕ್ಯಾನಿಕ್ ಆಗಿದ್ದವರು. ಈಗ ಕಣ್ಣಿಗೆ ಬೆಳಕು, ಕತ್ತಲೆ ಅಷ್ಟೇ.

ಗುಬ್ಬಿ ಇದೇ ಬೈಕಿನಲ್ಲಿ ಹೊಸ ಕೆಲಸಕ್ಕೆ ಹೋಗುತ್ತಾಳಂತೆ. ಬೆಟ್ಟದಾಚೆ, ದನದ ಆಸ್ಪತ್ರೆ. ಊರೂರು ತಿರುಗಿ ಸೂಜಿ ಹಾಕಬೇಕು. ಆ ಇಳಿಜಾರು ನೋಡಿದ್ದೇನೆ... ಬರೀ ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ.

"ಬಸ್ಸಲ್ಲಿ ಓಡಾಡೇ" ಅಂದೆ.

"ಹಸು ಬಸ್ ಸ್ಟಾಂಡಿಗೆ ಬಂದು ಸೂಜಿ ಹಾಕಿಸ್ಕೊಳಲ್ಲಮ್ಮಾ."

ಹೆತ್ತ ಮಗಳು, ಮಾತಿನಲ್ಲಿ ಗೆಲ್ಲಕ್ಕಾಗಲ್ಲ. ಗ್ಯಾರೇಜಿನವರು ಹಳೇ ಗಾಡಿ ಮುಟ್ಟಲ್ಲ ಅಂದರು. ಅಪ್ಪ ನನ್ನನ್ನು ಹಿಡಿದುಕೊಂಡರು. "ಹೊಲಿಗೆ ಮಿಷನ್ ಬಿಚ್ಚಿ ಜೋಡಿಸ್ತೀಯಲ್ಲ, ಇದೂ ಅಷ್ಟೆ. ಕೈ ನಿಂದು, ಕಣ್ಣು ನಿಂದು, ಬಾಯಿ ನಂದು."

ಮಾರ್ಚ್ 8, ಸಂಜೆ

ಸಿಲಿಂಡರಿನ ರಿಪೇರಿ ಕಿಟ್ ಬಂತು. ಪಿಸ್ಟನ್, ಸ್ಪ್ರಿಂಗ್, ಎರಡು ರಬ್ಬರ್ ಬಟ್ಟಲು. ಕೋಟಿನ ಗುಂಡಿಯಷ್ಟಿವೆ. ಇಷ್ಟರ ಮೇಲೆ ನನ್ನ ಮಗಳ ಜೀವ...

ಹಳೇದು ಬಿಚ್ಚಿದೆ. ಒಳಗೆಲ್ಲ ಕಂದು ಲೋಳೆ. ಉಜ್ಜಿ ತೆಗೆದೆ. ತಳದಲ್ಲಿ ಎರಡು ತೂತು. ಒಂದು ಕಾಣುತ್ತದೆ. ಇನ್ನೊಂದು ಸೂಜಿ ಮೊನೆಯಷ್ಟು — ಮುಚ್ಚೇ ಹೋಗಿತ್ತು.

"ಸೂಜಿ ಹಾಕ್ಬೇಡ, ದೊಡ್ಡದಾಗತ್ತೆ. ವೈರಿಂದು ಒಂದೆಳೆ ತಗೋ" ಅಂದರು ಅಪ್ಪ. "ಲಿವರ್ ಬಿಟ್ಟಾಗ ಒತ್ತಡ ಆ ತೂತಲ್ಲೇ ವಾಪಸ್ ಹೋಗೋದು. ಅದು ಮುಚ್ಚಿದ್ರೆ ಬ್ರೇಕು ಹಿಡಿಯತ್ತೆ, ಬಿಡಲ್ಲ."

"ಅಮ್ಮನ ಥರ!" ಒಳಗಿಂದ ಗುಬ್ಬಿ.

ಅಪ್ಪ ಮುಂದುವರಿಸಿದರು, "ಬಟ್ಟಲಿನ ಬಾಯಿ ಸ್ಪ್ರಿಂಗ್ ಕಡೆಗಿರಲಿ. ಎಣ್ಣೆ ಸವರಿ ನಿಧಾನ ತಳ್ಳು."

ಮಿಷನ್ ಮೇಲಿನ ಎಣ್ಣೆ ಡಬ್ಬಿ ಕೈಗೆ ಸಿಕ್ಕಿತು. ಸವರಿದೆ. ಹೆದರಿಕೆಗೆ ಇನ್ನೊಂದು ಸಲ ಸವರಿದೆ. ಸುಯ್ಯಂತ ಜಾರಿ ಕೂತಿತು.

ಆಮೇಲೆ ಬ್ರೇಕ್ ಆಯಿಲ್ ತುಂಬಿ ಪೈಪಿನೊಳಗಿನ ಗಾಳಿ ತೆಗೆಯುವುದು. ಲಿವರ್ ಅಪ್ಪನ ಕೈಯಲ್ಲಿ, ನಾನು ಚಕ್ರದ ಹತ್ತಿರ. "ಹಿಡೀರಿ" ಅನ್ನಬೇಕು, ಗಾಳಿ ಬಿಡುವ ನಿಪ್ಪಲ್ ಸಡಿಲಿಸಬೇಕು, ಗುಳ್ಳೆ ಬರುತ್ತದೆ, ಬಿಗಿ ಮಾಡಬೇಕು, ಆಮೇಲೆ "ಬಿಡಿ". ಬಿಗಿಯಾಗುವ ಮೊದಲೇ ಬಿಟ್ಟರೆ ಗಾಳಿ ಮತ್ತೆ ಒಳಗೆ. ಅದೇ ಭಯಕ್ಕೆ ಬಿಗಿ ಮಾಡಿದ ಮೇಲೂ ಮತ್ತೆ ಮುಟ್ಟಿ ನೋಡುತ್ತಿದ್ದೆ.

"ಬಿಡು ಅನ್ನೋದೇ ಮರೀತೀಯಲ್ಲೇ, ನನ್ನ ಬೆರಳು ಸತ್ತೋಯ್ತು!"

ಲಿವರ್ ಈಗ ಕಲ್ಲಿನ ಹಾಗೆ.

ಮಾರ್ಚ್ 9

ಎದ್ದ ತಕ್ಷಣ ಒತ್ತಿ ನೋಡಿದೆ. ಸರಿಯಿದೆ. ಸ್ನಾನ ಆದ ಮೇಲೆ ನೋಡಿದೆ. ಸರಿಯಿದೆ. ಅಂಗಿಗೆ ಕಾಲರ್ ತಿರುವುಮುರುವು ಹೊಲಿದಿದ್ದೇನೆ.

ಮಾರ್ಚ್ 13

ಓಡಿಸಿ ನೋಡಲು ಹೋದ ಗುಬ್ಬಿ ಗಾಡಿ ತಳ್ಳಿಕೊಂಡು ಬಂದಳು, ಬೆವರು ಸುರಿಸಿಕೊಂಡು. ಬೀದಿ ತುದಿ ದಾಟುವಷ್ಟರಲ್ಲಿ ಮುಂದಿನ ಚಕ್ರ ಕಚ್ಚಿಕೊಂಡಿತಂತೆ. ಬ್ರೇಕು ಹಿಡಿಯುವ ಡಿಸ್ಕಿನ ಮೇಲೆ ನೀರು ಚಿಮುಕಿಸಿದರೆ ಚುರ್ ಅಂತು.

ನನಗೆ ಮೊದಲು ಆದದ್ದು ಭಯವಲ್ಲ. ಸಮಾಧಾನ. ಸದ್ಯ, ಇನ್ನು ಹೋಗಲ್ಲ... ಎಂಥಾ ತಾಯಿ ನಾನು.

ಬಿಚ್ಚಿದೆ. ಬಟ್ಟಲು ನೆನೆದ ಕಾಳಿನ ಹಾಗೆ ಊದಿತ್ತು. ಅಪ್ಪ ಬೆರಳಲ್ಲಿ ಉಜ್ಜಿದರು, ಮೂಸಿದರು.

"ಏನೇ ಸವರಿದೆ ಇದಕ್ಕೆ?"

"ನೀವೇ ಹೇಳಿದ್ರಲ್ಲಪ್ಪಾ. ಎಣ್ಣೆ."

"ಯಾವ ಎಣ್ಣೆ?"

"ಮಿಷನ್ ಎಣ್ಣೆ."

"ಅಯ್ಯೋ ನಿನ್ನ! ಬ್ರೇಕ್ ಎಣ್ಣೆ ಕಣೇ! ಮಿಷನ್ ಎಣ್ಣೆ ಕುಡಿದ್ರೆ ಈ ರಬ್ಬರ್ ಊದ್ಕೊಳತ್ತೆ, ಆ ಸಣ್ಣ ತೂತು ಮುಚ್ಕೊಳತ್ತೆ."

"ಈ ಮನೇಲಿ ಎಣ್ಣೆ ಅಂದ್ರೆ ಅದೇ ಅಲ್ವಾ?"

"ಪುಣ್ಯ ತಾತಾ, ಅಡುಗೆ ಎಣ್ಣೆ ಹಾಕ್ಲಿಲ್ಲ" ಅಂದಳು ಗುಬ್ಬಿ. ಯಾರೂ ನಗಲಿಲ್ಲ.

ಅಪ್ಪ ಊದಿದ ಬಟ್ಟಲನ್ನು ನನ್ನ ಅಂಗೈಗೆ ಹಾಕಿದರು. ಆಮೇಲೆ, "ತಪ್ಪು ನನ್ನ ಬಾಯಿದು. ಆ ಎಣ್ಣೆ ಎಲ್ಲಾ ಕಡೆ ಹರಡಿರತ್ತೆ. ಮೇಲಿನ ರಬ್ಬರು, ಚಕ್ರದ ಹತ್ತಿರದ್ದು, ಪೈಪು, ಎಲ್ಲಾ ಹೊಸದಾಗಬೇಕು. ಮತ್ತೆ ಮಾಡ್ತೀಯಾ? ಆಗಲ್ಲ ಅಂದ್ರೆ ಗಾಡಿ ಹೀಗೇ ನಿಂತಿರತ್ತೆ. ನಿನ್ನನ್ನ ಯಾರೂ ಏನೂ ಅನ್ನಲ್ಲ."

ಗುಬ್ಬಿ ಬಾಗಿಲಲ್ಲೇ ನಿಂತಿದ್ದಳು. ಜೀವಮಾನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು.

ನಾನು ಬಿಚ್ಚಿದ್ದನ್ನೆಲ್ಲ ಬಟ್ಟೆಯಲ್ಲಿ ಕಟ್ಟಿಟ್ಟೆ.

ಮಾರ್ಚ್ 18, ಮಧ್ಯಾಹ್ನ

ನಾನೇ ಹೋಗಿ ಎಲ್ಲ ತಂದೆ. ಮಿಷನ್ ಎಣ್ಣೆ ಡಬ್ಬಿ ಅಟ್ಟಕ್ಕೆ ಹೋಯಿತು. ಬ್ರೇಕ್ ಆಯಿಲ್ ಬಾಟಲಿಯ ಇಂಗ್ಲಿಷ್ ನನಗೆ ಬರಲ್ಲ. ಗುಬ್ಬಿ ಕೈಲಿ ಓದಿಸಿದೆ. ನಂಬಿಕೆ ಬರದೆ ಮತ್ತೆ ಓದಿಸಿದೆ. ಪ್ರತಿ ರಬ್ಬರಿಗೂ "ಯಾವ ಎಣ್ಣೆ?" ಅಂತ ಕೇಳಿದೆ. "ಬ್ರೇಕ್ ಎಣ್ಣೆ ತಾಯೀ, ಬ್ರೇಕ್ ಎಣ್ಣೆ!" ಅಪ್ಪ ಕೈ ಮುಗಿದರು.

ಗಾಳಿ ತೆಗೆಯುವಾಗ ಲಿವರ್ ಗುಬ್ಬಿಯ ಕೈಯಲ್ಲಿ.

"ಹಿಡಿ... ಬಿಡು."

"ನೋಡು ತಾತ, ಬಿಡು ಅನ್ನೋಕೂ ಬರತ್ತೆ ಅಮ್ಮಂಗೆ."

ಮುಂದಿನ ಚಕ್ರ ಎತ್ತಿ ನಿಲ್ಲಿಸಿದೆವು. ತಿರುಗಿಸಿದೆ. ಲಿವರ್ ಹಿಡಿದೆ, ನಿಂತಿತು. ಬಿಟ್ಟೆ, ಹಗುರಾಗಿ ತಿರುಗಿತು. ಹೋದ ಸಲ ಹಿಡಿಯುತ್ತದಾ ಅಂತಷ್ಟೇ ನೋಡಿದ್ದೆ. ಬಿಡುತ್ತದಾ ಅಂತ ಒಮ್ಮೆಯೂ ನೋಡಿರಲಿಲ್ಲ.

ಮಾರ್ಚ್ 24, ಬೆಳಿಗ್ಗೆ

ಇಷ್ಟು ದಿನ ಅವಳು ಊರೊಳಗೆ ಓಡಿಸಿದಳು. ಬಂದಾಗಲೆಲ್ಲ ಡಿಸ್ಕಿನ ಹತ್ತಿರ ಕೈ ಒಡ್ಡಿ ನೋಡುತ್ತಿದ್ದೆ. ತಣ್ಣಗಿತ್ತು.

ಇವತ್ತು ಹೊರಟಳು. ಹೆಲ್ಮೆಟ್ಟಿನ ಪಟ್ಟಿ ನಾನೇ ಬಿಗಿದೆ. ಬಿಗಿದ ಕೈ ಅಲ್ಲೇ ಇತ್ತು.

"ಅಮ್ಮಾ... ಬಿಡು."

ಬಿಟ್ಟೆ.

ಅದೇ ದಿನ, ಮಧ್ಯಾಹ್ನ

ಹೊಲಿಯಲು ಕೂತರೆ ಬಲಗೈ ತಾನಾಗಿ ಮುಷ್ಟಿಯಾಗುತ್ತಿದೆ. ಬಿಡಿಸುತ್ತೇನೆ. ಮತ್ತೆ ಆಗುತ್ತದೆ. ಅವಳು ಈಗ ಇಳಿಜಾರಿನಲ್ಲಿರಬೇಕು. ಅಪ್ಪನೂ ಊಟ ಮಾಡಿಲ್ಲ, ಹಸಿವಿಲ್ಲವಂತೆ.

ಫೋನ್ ಬಂತು. ಗಾಳಿ ಸದ್ದು, ನಡುವೆ ಅವಳ ನಗು. ಇಳಿದಾಯಿತಂತೆ. ಡಿಸ್ಕಿನ ಹತ್ತಿರ ಕೈ ಒಡ್ಡಿ ನೋಡು ಅಂದೆ. ಇಳಿಜಾರಲ್ವಾ ಸ್ವಲ್ಪ ಬೆಚ್ಚಗಿದೆ, ಚಕ್ರ ಮಾತ್ರ ಹಗುರಾಗಿ ತಿರುಗ್ತಿದೆ ಅಂದಳು. "ಅಮ್ಮಾ, ಹಿಡಿದಾಗ ಹಿಡೀತು. ಬಿಟ್ಟಾಗ—" ಲೈನ್ ಹೋಯಿತು.

ಅಪ್ಪ ಮಂಚದಿಂದಲೇ ಕೂಗುತ್ತಿದ್ದಾರೆ, ಏನಂತೆ, ಏನಂತೆ ಅಂತ. ಹೋಗಿ ಹೇಳಬೇಕು. ಹಿಡೀತಂತೆ ಅಪ್ಪಾ, ಹಿಡಿದು, ಬಿಡ್ತಂತೆ.