ನಿಂತೈತ್ರಿ ಅಣ್ಣಾ

ದಸ್ತಗೀರಣ್ಣಾ,

ನಿಮ್ಮ ಚಾಟ್ ನನ್ನ ಫೋನಿನಲ್ಲಿ ಇನ್ನೂ ಎಲ್ಲರಿಗಿಂತ ಮೇಲೆಯೇ ಇದೆ. ಅದರಲ್ಲಿ ನಾನು ಕಳಿಸಿದ ಎರಡು ಪದಗಳಿವೆ: "ನಿಂತೈತ್ರಿ ಅಣ್ಣಾ." ಅದನ್ನು ಓದಲೂ ಆಗುತ್ತಿಲ್ಲ, ಅಳಿಸಲೂ ಆಗುತ್ತಿಲ್ಲ. ನೀವಿದ್ದಾಗ ಹೇಳಬೇಕಿದ್ದದ್ದನ್ನು ಈಗ ಬರೆಯುತ್ತಿದ್ದೇನೆ.

ನೆನಪಿದೆಯಾ, ಗೋವಾದ ಫೋಂಡಾ ಬಸ್‌ಸ್ಟ್ಯಾಂಡಿನ ಹಿಂದಿದ್ದ ನಿಮ್ಮ ರಿಪೇರಿ ಅಂಗಡಿಗೆ ನಾನು ಮೊದಲ ಸಲ ಬಂದದ್ದು? ನಮ್ಮ ಗೇಮಿಂಗ್ ಗ್ರೂಪಿನ ಅಡ್ಮಿನ್ ಅಂದರೆ ಯಾರೋ ಸ್ಟೈಲಿನ ಹುಡುಗ ಅಂದುಕೊಂಡಿದ್ದೆ. ನೋಡಿದರೆ ನೀವು ಲುಂಗಿ ಉಟ್ಟು, ಚಹಾದಲ್ಲಿ ಪಾವ್ ಅದ್ದಿಕೊಂಡು, ಯಾರದೋ ಮಿಕ್ಸರಿಗೆ ಬೈಯುತ್ತ ಕುಳಿತಿದ್ದಿರಿ. "ಗ್ರೂಪಿನ್ಯಾಗ ದಿನಕ್ಕ ನೂರು ಪ್ರಶ್ನೆ ಕೇಳಾವ ನೀನ ಏನಲೇ? ಬಾ, ಕೂಡು. ಮೊದಲ ಆ ಬಾಯಿ ಸ್ಪೀಡ್ ಒಂದೀಟು ಇಳಸ್ಕೋ."

ನಿಮ್ಮ ಹಳೆಯ ಗ್ರಾಫಿಕ್ಸ್ ಕಾರ್ಡಿನ ಧೂಳು ಒರೆಸಿ, ಬಿಸಿ ತಡೆಯುವ ಹೊಸ ಪೇಸ್ಟ್ ಹಚ್ಚಿ, ಕೂಸನ್ನು ಕೊಡುವ ಹಾಗೆ ಎರಡೂ ಕೈಯಿಂದ ಕೊಟ್ಟಿರಿ. "ಓವರ್‌ಕ್ಲಾಕ್ ಮಾಡಿ ಕಾರ್ಡಿನ ಸ್ಪೀಡ್ ಹೆಚ್ಚಸು, ಬ್ಯಾಡ ಅನ್ನಂಗಿಲ್ಲ. ಆದ್ರ ನೂರು ಮೆಗಾಹರ್ಟ್ಸ್ ಏರಸು, ಮ್ಯಾಲೆ ಹೋಗಬ್ಯಾಡ. ಮಧ್ಯಾಹ್ನದ ಬಿಸಲಾಗ, ಆ ಪ್ಯಾಟಿ ಸುಡೋ ಗೇಮ್ ಐತಲ್ಲ, ಅದನ್ನ ಒಂದ್ ತಾಸು ಆಡು. ನಿಂತ್ರ ಹೇಳು." ಒಂದು ತಾಸು ಬೀಳದೆ ತಡೆದುಕೊಂಡರೆ ನಿಮ್ಮ ಬಾಯಲ್ಲಿ ಅದು 'ನಿಂತ ಕಾರ್ಡು'. ಅದರ ಅಂಕಿ ನಮ್ಮ ಗ್ರೂಪಿನ ಪಟ್ಟಿಗೆ ಏರುತ್ತಿತ್ತು, ಅದೇ ಕಾರ್ಡಿದ್ದವರು ಅದನ್ನು ನೋಡಿಯೇ ಇಡುತ್ತಿದ್ದರು.

ಆ ಮಧ್ಯಾಹ್ನ ಊರೆಲ್ಲ ಶಟರ್ ಎಳೆದು ಮಲಗಿತ್ತು. ನನಗೆ ನೂರು ಸಾಲಲಿಲ್ಲ ಅಣ್ಣಾ, ನೂರೆಂಬತ್ತಕ್ಕೆ ಏರಿಸಿದೆ. ಪಟ್ಟಿಯಲ್ಲಿ ನನ್ನ ಹೆಸರು ಮೊದಲಿರಬೇಕಿತ್ತು, ಅಷ್ಟೇ. ಹನ್ನೆರಡು ನಿಮಿಷ ಗೇಮಿನಲ್ಲಿ ಹೊಗೆ, ಬೆಂಕಿ, ಓಡುವ ಜನ, ಎಲ್ಲ ಬೆಣ್ಣೆಯ ಹಾಗೆ ಸಾಗಿತು. ಸ್ಕ್ರೀನ್‌ಶಾಟ್ ತೆಗೆದೆ. ಮರುಕ್ಷಣ ಪರದೆ ತುಂಬ ಹಸಿರು ಚುಕ್ಕಿ. ಗೇಮ್ ನಿಂತುಹೋಯಿತು. ಇನ್ನೆರಡು ಸಲ ನೋಡಿದೆ, ಎರಡೂ ಸಲ ಅದೇ ಕಥೆ. ತಾಸು ಮುಗಿಯುತ್ತಲೇ ನಿಮ್ಮ ಮೆಸೇಜ್: "ನಿಂತೈತೇನಲೇ ತಮ್ಮಾ?"

"ನಿಂತೈತ್ರಿ ಅಣ್ಣಾ," ಎಂದೆ. ಗ್ರೂಪಿನಲ್ಲಿ ನೂರೆಂಬತ್ತು ಎಂದು ಬರೆದು ಸ್ಕ್ರೀನ್‌ಶಾಟನ್ನೂ ಹಾಕಿದೆ. ಸುಳ್ಳೇನಲ್ಲವಲ್ಲ, ಗೇಮ್ ನಿಂತಿತ್ತಲ್ಲ, ಅಂತ ನನಗೆ ನಾನೇ ಹೇಳಿಕೊಂಡೆ. ನೀವು ಕೇಳಿದ್ದು ಕಾರ್ಡಿನ ಸುದ್ದಿ, ನಾನು ಹೇಳಿದ್ದು ಗೇಮಿನದು. ಗ್ರೂಪಿನಲ್ಲಿ ಬೆಂಕಿಯ ಎಮೋಜಿಗಳು ಸುರಿದವು. "ನನ್ನ ನೂರನ್ನ ಮುರದ ನೋಡ್ರಿ ಈ ಹುಡುಗ!" ಎಂದು ನೀವು ಕುಣಿದಾಡಿದಿರಿ. ಆಗಲಾದರೂ ನಾನು...

ವಾಳಪೈಯ ಸಂತೋಷನ ಹತ್ತಿರವೂ ಅದೇ ಕಾರ್ಡಿತ್ತು. ಪಟ್ಟಿ ನಂಬಿ ಅವನೂ ನೂರೆಂಬತ್ತು ಇಟ್ಟ. ಕಾರ್ಡು ಕೈಕೊಟ್ಟು, ಕಾಲೇಜಿಗೆ ಮಾಡುತ್ತಿದ್ದ ಅವನ ಅನಿಮೇಷನ್ ನಡುವೆಯೇ ಹಾಳಾಯಿತು. "ನಿಮ್ಮ ಪಟ್ಟಿ ರದ್ದಿಗೆ ಹಾಕ್ರಿ ಅಣ್ಣಾ" ಎಂದು ಎಲ್ಲರೆದುರು ಬರೆದು ಗ್ರೂಪ್ ಬಿಟ್ಟುಹೋದ. ನೀವು ನನ್ನನ್ನು ಒಂದು ಮಾತೂ ಕೇಳಲಿಲ್ಲ. "ತಪ್ಪು ನಂದ. ನಾನ ಒಮ್ಮೆ ಓಡಿಸಿ ನೋಡಬೇಕಿತ್ತು. ಹುಡುಗಗ ಯಾರೂ ಏನೂ ಅನಬ್ಯಾಡ್ರಿ," ಎಂದು ಬರೆದಿರಿ. ನಾನು ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ. ನಿಮಗೆ ಅದು ಕಾಣಿಸುತ್ತಿತ್ತಾ? ಎಲ್ಲ ಗೊತ್ತಿದ್ದೇ ಸುಮ್ಮನಿದ್ದಿರಾ?

ಎರಡು ವಾರಕ್ಕೆ ಭಾಭಿಯ ಫೋನ್ ಬಂತು. "ನಿಮ್ಮಣ್ಣನ ಎದಿಬಡಿತ ನಿಂತಬಿಟ್ಟೈತೋ ತಮ್ಮಾ." 'ನಿಂತೈತಿ' ಎಂಬ ಆ ಪದವನ್ನು ಅವತ್ತಿನಿಂದ ಬಾಯಿಗೆ ತರಲು ಆಗಿಲ್ಲ. ದಫನಿಗೆ ಬಂದವರು "ಗುರುವಿಗೆ ತಕ್ಕ ಶಿಷ್ಯ" ಎಂದು ನನ್ನ ಬೆನ್ನು ತಟ್ಟಿದರು. ಮುಖ ಎಲ್ಲಿ ಇಟ್ಟುಕೊಳ್ಳಲಿ?

ಮೊನ್ನೆ ಗ್ರೂಪಿನಲ್ಲಿ ಎಲ್ಲವನ್ನೂ ಬರೆದೆ. ಸಂತೋಷನಿಗೆ ಫೋನ್ ಕೂಡ ಮಾಡಿದೆ. ಅವನು, "ಅಣ್ಣ ಇದ್ದಾಗ ಹೇಳಾಕ ಏನಾಗಿತ್ತಲೇ ನಿನಗ?" ಎಂದ.

ನಿನ್ನೆ ಮಧ್ಯಾಹ್ನ, ಸೆಕೆ ಕುದಿಯುತ್ತಿದ್ದಾಗ, ನಿಮ್ಮ ನೂರನ್ನೇ ಇಟ್ಟೆ. ಅದೇ ಪೇಟೆ, ಅದೇ ಬೆಂಕಿ, ಪೂರ್ತಿ ಒಂದು ತಾಸು. ಮೊದಲಿಂದ ಕೊನೆಯವರೆಗೂ ವಿಡಿಯೋ ಮಾಡಿ ಗ್ರೂಪಿಗೆ ಹಾಕಿದ್ದೇನೆ. ಪಟ್ಟಿಯಲ್ಲಿ ಈಗ ನಿಮ್ಮ ಅಂಕಿ ಇದೆ, ಮುಂದೆ ನಿಮ್ಮ ಹೆಸರಿದೆ. ನಿಮಗೂ ಬೇರೆಯಾಗಿ ಕಳಿಸಿದೆ. ಒಂದೇ ಟಿಕ್ ಬಂತು. ಈ ಸಲ ಪೂರ್ತಿ ಬರೆದಿದ್ದೇನೆ, ನೋಡ್ರಿ:

"ಕಾರ್ಡ್ ನಿಂತೈತ್ರಿ ಅಣ್ಣಾ. ಗೇಮ್ ನಿಂತಿಲ್ಲ."