ದಾರಿ ಬಿಡಿ ದೊರೆಗಳೇ

ನವೆಂಬರ್ ೧೧, ಭಾನುವಾರ

ಪ್ರೀತಿಯ ಮಗಳಿಗೆ,

ನಿನ್ನ ಎರಡು ಕಾಗದಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಮುನಿಸಿಕೊಳ್ಳಬೇಡ. "ದೊರೆ ಉಳಿಯುತ್ತಾನೋ ಇಲ್ಲವೋ, ಸುತ್ತಿ ಬಳಸಿ ಹೇಳಬೇಡಮ್ಮ" ಎಂದು ಕೇಳಿದ್ದೆ. ನನಗೇ ಗೊತ್ತಿಲ್ಲದ್ದನ್ನು ಸುತ್ತಿ ಬಳಸುವುದಾದರೂ ಹೇಗೆ? ಈಗ ಗೊತ್ತಾಗಿದೆ. ಮಗುವನ್ನು ಅಳಿಯಂದಿರ ಕೈಗೆ ಕೊಟ್ಟು ನಿಧಾನವಾಗಿ ಓದು. ಅವರಿಗೂ ಸ್ವಲ್ಪ ಕೆಲಸವಿರಲಿ.

ನಮ್ಮ ಕುದುರೆಗೆ ಏನೋ ಆಗಿದೆ ಎಂದು ಮೊದಲು ಕಂಡುಹಿಡಿದವನು ಲಾಳ ಹೊಡೆಯುವವನು. "ಅಮ್ಮಾ, ನಿಮ್ಮ ದೊರೆ ಹಿಂಗಾಲು ಎತ್ತೋಕೆ ಒಪ್ತಿಲ್ಲ. ಎತ್ತಿದ್ರೆ ನಡುಗ್ತಾನೆ" ಎಂದ. ದೊರೆಯ ಗತ್ತು ನಿನಗೆ ಗೊತ್ತಲ್ಲ, ಇದೂ ಅದೇ ಇರಬೇಕು ಅಂದುಕೊಂಡೆ. ಆ ವಾರವೇ ಸವಾರಿ ಕಲಿಯುವ ಹುಡುಗಿಯೊಬ್ಬಳು ಮೇಲಿದ್ದಾಗ ಮುಗ್ಗರಿಸಿದ. ಅವಳು ಕುತ್ತಿಗೆಯ ಕೂದಲು ಹಿಡಿದುಕೊಂಡು ನಗುತ್ತಿದ್ದಳು. ನನಗೆ ಮಾತ್ರ ಜೀವ ಬಾಯಿಗೆ ಬಂದಿತ್ತು. ಅವತ್ತೇ ಜೀನು ಇಳಿಸಿದವಳು ಮತ್ತೆ ಏರಿಸಲಿಲ್ಲ.

ಕುದುರೆ ಡಾಕ್ಟರಮ್ಮ ಬಂದರು. ಸಣ್ಣ ಸುತ್ತು ಹಾಕಿಸಿದರು, ಹಿಂದಕ್ಕೆ ನಡೆಸಿದರು, ತಲೆ ಎತ್ತಿ ಹಿಡಿದು ಇಳಿಜಾರು ಇಳಿಸಿದರು. ಒಂದು ಕಾಲನ್ನು ಇನ್ನೊಂದರ ಮುಂದೆ ಅಡ್ಡ ಇಟ್ಟು ಬಿಟ್ಟರು. ನಿಮಗೆಲ್ಲ ಏನಾಗಿದೆ ಎನ್ನುವ ಹಾಗೆ ನಮ್ಮನ್ನು ನೋಡಿ, ದೊರೆ ಕಾಲನ್ನು ಸರಿಯಾಗಿ ಇಟ್ಟುಕೊಂಡ. ಕೊನೆಗೆ ಅವನ ಬಲಕ್ಕೆ ನಿಂತು ಬಾಲ ಹಿಡಿದು ತಮ್ಮ ಕಡೆಗೆ ಎಳೆದರು. ಗಟ್ಟಿ ಇರುವ ಕುದುರೆ ಎಳೆತಕ್ಕೆ ಜಗ್ಗದೆ ನಿಲ್ಲಬೇಕಂತೆ. ಇವನು ಎಳೆದ ಕಡೆಗೇ ಬಂದುಬಿಟ್ಟ. ಅವರ ಮುಖ ಸಣ್ಣದಾಯಿತು.

"ನರದ ತೊಂದರೆ ಇರಬಹುದಮ್ಮ. ಹಾಗಿದ್ರೆ ಯಾವಾಗ, ಯಾರ ಮೇಲೆ ಬೀಳ್ತಾನೆ ಅಂತ ಹೇಳೋಕಾಗಲ್ಲ. ಇಟ್ಕೊಳ್ಳೋದು ಕಷ್ಟ" ಎಂದರು. ಸೂಜಿ ಚುಚ್ಚಿ ಮಲಗಿಸಿಬಿಡಬೇಕಾದೀತು ಎಂಬುದನ್ನು ಅವರು ಬಿಡಿಸಿ ಹೇಳಬೇಕಾಗಿರಲಿಲ್ಲ. ರಕ್ತ ತೆಗೆದುಕೊಂಡು ಹೋದರು. ಆ ದಿನಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತು. ನಿಮ್ಮಪ್ಪ ತೀರಿಕೊಂಡ ವರ್ಷವೇ ಇವನೂ ಹೊರಡುವುದೆಂದರೆ ಅದು ನ್ಯಾಯವೇನೇ?

ಡಾಕ್ಟರಮ್ಮ ಮತ್ತೆ ಬಂದಾಗ ಲಾಯದ ಬಾಗಿಲಲ್ಲಿ ನಿಂತು ಏನೋ ಬರೆದುಕೊಳ್ಳುತ್ತಿದ್ದರು. ನನ್ನ ಪಾಡಿಗೆ ನಾನು ನೀರಿನ ಬಕೆಟ್ ಎತ್ತಿಕೊಂಡು ದೊರೆಯ ಕೋಣೆಗೆ ಹೋದೆ. ಬಕೆಟ್ ಇಡುವ ಮೂಲೆ ಎಡಕ್ಕೆ, ಆ ಕೋಣೆಯೋ ಇಕ್ಕಟ್ಟು. ನಾವು ಒಳಗೆ ಹೋಗುವುದು ಹೇಗೆಂದು ನಿನಗೆ ಗೊತ್ತೇ ಇದೆ. ಬಾಲವನ್ನು ಬಲಕ್ಕೆ ಮೆಲ್ಲಗೆ ಎಳೆದು "ದಾರಿ ಬಿಡಿ ದೊರೆಗಳೇ" ಎಂದೆ. ಅವನು ಸರಿದ.

"ಈಗೇನು ಮಾಡಿದ್ರಿ?" ಎಂದರು ಡಾಕ್ಟರಮ್ಮ.

"ನೀರಿಟ್ಟೆ."

"ಅದಲ್ಲ. ಬಾಲ."

"ಓ, ಅದಾ? ಇವನು ಮರಿ ಇದ್ದಾಗ್ಲೇ ನಮ್ಮ ಯಜಮಾನ್ರು ಕಲಿಸಿದ್ದು. ಬಲಕ್ಕೆ ಎಳೆದ್ರೆ ಸರೀತಾನೆ."

ಅವರು ಹಣೆ ಚಚ್ಚಿಕೊಂಡು ನಕ್ಕರು, ನೋಡು. ದೊರೆಯನ್ನು ಹೊರಗೆ ತರಿಸಿ ಈ ಸಲ ಎಡಕ್ಕೆ ನಿಂತು ಎಳೆದರು. ಕಂಬದ ಹಾಗೆ ನಿಂತ. ಅವನು ಬಲವಿಲ್ಲದೆ ಬಂದದ್ದಲ್ಲ, ಹೇಳಿದ ಮಾತು ಕೇಳಿದ್ದ. ನನ್ನ ತಲೆಗೆ ಅದು ಹೊಳೆದೇ ಇರಲಿಲ್ಲ, ಎಂಥ ಪೆದ್ದಿ ನಾನು. ಮೊದಲ ದಿನ ನಡೆಸುವ ಮುಂಚೆಯೂ ಆಮೇಲೂ ತೆಗೆದಿದ್ದ ರಕ್ತ ನೋಡಿದರೆ ತೊಂದರೆ ಮಾಂಸಖಂಡದಲ್ಲಿ ಇರುವ ಹಾಗಿದೆಯಂತೆ. ಹುಷಾರಾಗಿ ನೋಡಿಕೊಂಡರೆ ಬದುಕಬಹುದು.

ಈಗ ಅವನಿಗೆ ಧಾನ್ಯ ಬಂದ್, ಹುಲ್ಲಿನ ಜೊತೆ ಎಣ್ಣೆ. ಒಂದು ದಿನವೂ ಕಟ್ಟಿಹಾಕಿ ನಿಲ್ಲಿಸುವ ಹಾಗಿಲ್ಲ. ಮೈ ಬಿಸಿಯಾಗುವವರೆಗೆ ನಿಧಾನ ನಡಿಗೆ, ಆಮೇಲೆ ಸ್ವಲ್ಪ ಓಟ. ನಡೆಸುವವಳು ನಾನೇ. ಅವನಿಗಿಂತ ನನ್ನ ಮೈಯೇ ಚೆನ್ನಾಗಿ ಸಡಿಲವಾಗಿದೆ, ಮಂಡಿನೋವು ಕಡಿಮೆ. ಹಿಂಗಾಲಿನ ನಡುಕವೂ ಕಡಿಮೆಯಾಗುತ್ತಿದೆ. ಮಕ್ಕಳನ್ನು ಕೂರಿಸುವುದು ಸದ್ಯಕ್ಕೆ ಬೇಡ.

ಇನ್ನೊಂದು ಮಾತು ಹೇಳಿದ್ದಾರೆ. "ನರದ್ದಲ್ಲ ಅಂತ ಪೂರ್ತಿ ಹೇಳೋಕಾಗಲ್ಲ. ಬಂದಾಗೆಲ್ಲ ಎರಡೂ ಕಡೆ ಬಾಲ ಎಳೆದು ನೋಡ್ತೀನಿ. ಅಭ್ಯಾಸಕ್ಕೆ ಸರಿದ್ರೆ ನನಗೆ ಕಾಯಿಲೆ ಗೊತ್ತಾಗಲ್ಲ. ಆ ಅಭ್ಯಾಸ ಬಿಡಿಸಿ." ಅದಕ್ಕೇ ಬಕೆಟ್ಟನ್ನು ಬಾಗಿಲ ಪಕ್ಕಕ್ಕೆ ತಂದಿದ್ದೇನೆ. ಲಾಯದ ಕೆಲಸದವರು ಯಾರೂ ಬಾಲ ಮುಟ್ಟುವಂತಿಲ್ಲ. ದಿನಾ ಬೆಳಗ್ಗೆ ನಾನೊಬ್ಬಳೇ ಎಳೆಯುತ್ತೇನೆ. ಸರಿದರೆ ಮಾತಿಲ್ಲ, ಸರಿಯದೆ ನಿಂತರೆ ಒಂದು ಕ್ಯಾರೆಟ್.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಮಗು ಮಲಗಿದಾಗ ನೀನೂ ಮಲಗು. ಅಳಿಯಂದಿರಿಗೆ ನಾನು ಕೇಳಿದೆನೆಂದು ಹೇಳು. ಮೂವರೂ ನೂರು ವರ್ಷ ತಣ್ಣಗೆ ಬಾಳಿ.

ನಿನ್ನ
ಅಮ್ಮ

ಮರೆತಿದ್ದೆ: ಇವತ್ತು ಬೆಳಗ್ಗೆ ಬಲಕ್ಕೆ ಎಳೆದೆ. ದೊರೆ ಸರಿಯಲಿಲ್ಲ. ನಿಮ್ಮಪ್ಪನ ಹಾಗೇ ದನಿ ಮಾಡಿ "ದಾರಿ ಬಿಡಿ ದೊರೆಗಳೇ" ಎಂದೂ ನೋಡಿದೆ. ಗಟ್ಟಿಯಾಗಿ ನಿಂತು ಕ್ಯಾರೆಟ್ಟಿಗೆ ತಲೆ ತಿರುಗಿಸಿದ. ಡಾಕ್ಟರಮ್ಮನಿಗೆ ಫೋನ್ ಮಾಡಿ ಹೇಳಿದೆ, ತುಂಬಾ ಖುಷಿಪಟ್ಟರು. ಈ ಮನೆಯಲ್ಲಿ ನಿಮ್ಮಪ್ಪನ ಮಾತು ಕೇಳುತ್ತಿದ್ದವನು ಅವನೊಬ್ಬನೇ ಉಳಿದಿದ್ದ ಕಣೇ. ನಾನೇ ಮರೆಸಿಬಿಟ್ಟೆ.