ಕೆಂಪು ಬಾವುಟ, ಅಣಬೆ ಗುಡ್ಡ

ಬಾನ್ ಹುವಾಯ್‌ಪೊಂಗ್
ಮಾರ್ಚ್ ೨೮

ಪ್ರೀತಿಯ ಸಿಂಗ್‌ಕೆಯೊ,

ಕಾಗದ ತಡವಾಯಿತು, ಬೈಯಬೇಡ. ದೋಣಿ ದಡಕ್ಕೆ ಬಂದಾಗ ನೀನು ಫೋನ್ ಮಾಡುತ್ತೀಯ, ನಿಜ. ಆದರೆ ಗುಡ್ಡದ ಬೆಂಕಿಯ ಹೊಗೆಗೆ ಹೆದರಿ ಈಗ ನಮ್ಮ ಸಂಸಾರವೆಲ್ಲ ಒಂದೇ ಕೋಣೆಯಲ್ಲಿ. ಕೆಮ್ಮಿದರೆ ಎಲ್ಲರಿಗೂ ಕೇಳುತ್ತದೆ, ಪಿಸುಗುಟ್ಟಿದರೆ ಇನ್ನೂ ಚೆನ್ನಾಗಿ ಕೇಳುತ್ತದೆ.

ಆ ಕೋಣೆಯ ಕಿಟಕಿ ಸಂದುಗಳಿಗೆಲ್ಲ ಅಂಟುಪಟ್ಟಿ ಹಚ್ಚಿದ್ದೇನೆ. ಆಸ್ಪತ್ರೆಯವರು ಕೊಟ್ಟ ದಪ್ಪ ಫಿಲ್ಟರನ್ನು ಫ್ಯಾನಿನ ಬೆನ್ನಿಗೆ ಕಟ್ಟಿದ್ದೇನೆ. ಬಿಳಿಯದು ವಾರದಲ್ಲೇ ಸೀದ ಅನ್ನದ ತಳದ ಹಾಗಾಯಿತು. ಅದನ್ನು ನೋಡಿ ಲಮ್ಯಾಯ್, "ಅಮ್ಮಾ, ಇದೆಲ್ಲ ನನ್ನೊಳಗೆ ಹೋಗ್ಬೇಕಾಗಿತ್ತಾ?" ಅಂದಳು. ಎಂಟು ವರ್ಷದ ಮಗಳ ಕಣ್ಣಿಗೆ ಬೀಳದ ಹಾಗೆ ಅದನ್ನು ಸುತ್ತಿ ಎಸೆದು ಹೊಸದು ಕಟ್ಟಿದೆ. ಅಗರಬತ್ತಿಯನ್ನೂ ನಿಲ್ಲಿಸಿದ್ದೇನೆ. ಬುದ್ಧನಿಗೆ ಬರೀ ಮಲ್ಲಿಗೆ, ಆತ ದೂರಲಿಲ್ಲ.

ಆರೋಗ್ಯ ಸ್ವಯಂಸೇವಕಿಯೆಂಬ ತಪ್ಪಿಗೆ, ಗಾಳಿ ಎಷ್ಟು ಕೆಟ್ಟಿದೆಯೆಂದು ತೋರಿಸುವ ಬಾವುಟವನ್ನು ಶಾಲೆಯ ಕಂಬಕ್ಕೆ ದಿನಾ ಏರಿಸುವ ಕೆಲಸವೂ ನನ್ನದೇ. ಮಕ್ಕಳಿಗೊಂದು ಪದ್ಯ ಕಟ್ಟಿಕೊಟ್ಟೆ:

ಹಸಿರಾದ್ರೆ ಹೊರಗೆ ಓಟ,
ಹಳದೀಗೆ ಹಗುರ ಆಟ,
ಕಿತ್ತಳೆಗೆ ಮಾಸ್ಕಿನ ಕಾಟ,
ಕೆಂಪಾದ್ರೆ ಒಳಗೇ ಊಟ.

ಪದ್ಯ ಎಲ್ಲರ ಬಾಯಲ್ಲಿದೆ, ಮಾಸ್ಕ್ ಮಾತ್ರ ಗದ್ದದ ಕೆಳಗಿದೆ. ಬಟ್ಟೆಯದು ಈ ಸಣ್ಣ ಧೂಳನ್ನು ತಡೆಯುವುದಿಲ್ಲ, ಮುಖಕ್ಕೆ ಬಿಗಿಯಾಗಿ ಕೂರುವಂಥದೇ ಬೇಕು ಅಂತ ಹೇಳಿ ಹೇಳಿ ನನ್ನ ಗಂಟಲೂ ಕೆಂಪು ಬಾವುಟವಾಗಿದೆ.

ಕಳೆದ ವಾರ ಬಾಲಭಿಕ್ಷುಗಳ ದೀಕ್ಷೆಯ ಮೆರವಣಿಗೆ. ಆ ಬೆಳಿಗ್ಗೆ ಊರ ಮುಖ್ಯಸ್ಥ ಬಂದ. ಪರವೂರ ನೆಂಟರು ಕೆಂಪು ನೋಡಿದರೆ ಹಿಂದಿರುಗುತ್ತಾರೆ, ಒಂದು ದಿನದ ಮಟ್ಟಿಗೆ ಹಳದಿ ಹಾರಿಸು ಅಂದ.

"ಬಾವುಟ ಬದಲಾದ್ರೆ ಗಾಳಿ ಬದಲಾಗತ್ತಾ, ಯಜಮಾನ್ರೆ?"

"ಇಲ್ಲ ಕಣಮ್ಮ. ಆದ್ರೆ ಊಟಕ್ಕೆ ಜನ ಉಳೀತಾರೆ."

ನಾನು ಕೆಂಪನ್ನೇ ಏರಿಸಿದೆ. ಆದರೂ ಮೆರವಣಿಗೆ ಹೊರಟಿತು. ಡೋಲಿನ ಸದ್ದು ಕೇಳಿದ್ದೇ ಲಮ್ಯಾಯ್ ಬಾಗಿಲು ತೆಗೆದು ಓಡಿಬಿಟ್ಟಳು. ವಿಹಾರದ ತಿರುವಿನಲ್ಲಿ ಕುಸಿದು ಕೂತಿದ್ದಳು. ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆಯುತ್ತಿತ್ತು, ತುಟಿ ನೇರಳೆ. ಉಸಿರಿನ ಪಂಪು ಕೊಟ್ಟರೂ ಉಬ್ಬಸ ಬಗ್ಗಲಿಲ್ಲ. ಮುಖ್ಯಸ್ಥನೇ ತನ್ನ ಪಿಕಪ್ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದ. ಪರವೂರ ನೆಂಟರನ್ನೇ ಹಾರ್ನ್ ಒತ್ತಿ ದಾರಿಯಿಂದ ಸರಿಸಿದ. ಅವನ ಜನ್ಮದಲ್ಲಿ ಅದು ಮೊದಲ ಸಲ.

ಆಮ್ಲಜನಕ ಕೊಟ್ಟು ಉಳಿಸಿಕೊಟ್ಟರು. ಈಗ ಮನೆಯಲ್ಲಿದ್ದಾಳೆ, ಗಂಜಿ ಕುಡಿಯುತ್ತಿದ್ದಾಳೆ. ಇನ್ನೊಮ್ಮೆ ಹೀಗಾದರೆ ದಾರಿಯಲ್ಲೇ ಕೈಮೀರಬಹುದು, ಗುಡ್ಡದ ಬೆಂಕಿ ಆರುವ ತನಕ ಹೊರಗೆ ಬಿಡಬೇಡಿ ಅಂತ ಡಾಕ್ಟರ ಮಾತು. ಬೆಂಕಿ ಆರುವ ಲಕ್ಷಣವಿಲ್ಲ. ನಿನ್ನ ಅಪ್ಪ ಅವಳ ತಲೆದೆಸೆ ಬಿಟ್ಟು ಏಳುವುದಿಲ್ಲ. "ಮಳೆ ಬರ್ಲಿ ಪುಟ್ಟಿ, ಈ ಸಲ ನಿಂಗೆ ಬುಟ್ಟಿ ತುಂಬ ಅಣಬೆ ತರ್ತೀನಿ" ಅನ್ನುತ್ತಾರೆ. ಅಣಬೆ ಸಾರೆಂದರೆ ಅವಳು ಜ್ವರದಲ್ಲೂ ಎದ್ದು ಕೂರುವವಳು.

ಕಡಲಿನ ಗಾಳಿಯನ್ನು ನಮ್ಮ ಪಾಲಿನದೂ ಸೇರಿಸಿ ಉಸಿರಾಡು. ನಿನ್ನ ಬಲೆ ತುಂಬಲಿ, ಹೊಟ್ಟೆ ತಣ್ಣಗಿರಲಿ.

ನಿನ್ನ
ನುವಾನ್‌ಲಾ

ಮತ್ತೆ: ಮೆರವಣಿಗೆಯ ಹಿಂದಿನ ದಿನ ಹೊಸ ಬೆಂಕಿ ಎದ್ದದ್ದು ಒಡೆದ ಬಂಡೆಯ ಮೇಲಿನ ಇಳಿಜಾರಿನಲ್ಲಿ. ನೆಲ ಸುಟ್ಟರೆ ಅಣಬೆ ಏಳುತ್ತದೆಂದು ಪ್ರತಿ ಮನೆಯೂ ತನ್ನ ಜಾಗ ಸುಡುವುದು, ಆ ಜಾಗವನ್ನು ಪಕ್ಕದ ಮನೆಗೂ ಹೇಳದಿರುವುದು ನಿನಗೆ ಗೊತ್ತೇ ಇದೆ. ಆ ಇಳಿಜಾರೇ ನಮ್ಮ ಮನೆಯ ಜಾಗವೆಂದು ನನಗೆ ಹೇಳಿದವನು ನೀನೇ, ಮದುವೆಯ ವರ್ಷ, ಕುಡಿದಾಗ. ಅದು ಗೊತ್ತಿರುವ ಗಂಡಸರು ಇಬ್ಬರು. ಒಬ್ಬ ಕಡಲಲ್ಲಿದ್ದಾನೆ. ಇನ್ನೊಬ್ಬರು ಲಮ್ಯಾಯ್‌ಗೆ ಬೀಸಣಿಗೆ ಬೀಸುತ್ತಾ, "ನಾಳೆ ಬಾವುಟ ಯಾವ ಬಣ್ಣ, ಮಗಳೇ?" ಅಂತ ದಿನಾ ನನ್ನ ಮುಖ ನೋಡದೆ ಕೇಳುತ್ತಾರೆ. ಏನು ಹೇಳಲಿ, ನೀನೇ ಬರೆ.